ಬಾಗದೆ ಮುರಿದ ಕೊಕ್ಕೆಗಳು

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ಕಾರ್ಖಾನೆ ಮಾಲೀಕರು ಕೂರುವ ಮೊದಲೇ ಮೇಜು ಗುದ್ದಿದರು. ಲಾರಿ ಹತ್ತಬೇಕಾಗಿದ್ದ ಉಕ್ಕಿನ ಸರಕನ್ನು, ಎಂದರೆ ಕ್ರೇನಿಗೆ ಹಾಕುವ ಕೊಕ್ಕೆಗಳನ್ನೆಲ್ಲ, ಯಾರೋ ಸುತ್ತಿಗೆಯಿಂದ ಒಡೆದು ಹಾಕಿದ್ದರು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಅದನ್ನ ಹುಡುಕೋಕೇ ನೀವಿರೋದು. ಬೇಗ ಬರ್ಕೊಳ್ಳಿ, ಆ ಚೂರುಗಳನ್ನ ಮಧ್ಯಾಹ್ನದೊಳಗೆ ಕರಗಿಸೋಕೆ ಕಳಿಸ್ಬೇಕು."

ನಷ್ಟವಾದವರು ಸಾಕ್ಷ್ಯ ಕರಗಿಸಲು ಇಷ್ಟು ಅವಸರ ಪಡುವುದನ್ನು ಇನ್ಸ್‌ಪೆಕ್ಟರ್ ಎಂದೂ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಮೀಸೆ ಎಂದೇ ಹೆಸರಾದ ಹೆಡ್ ಕಾನ್ಸ್‌ಟೇಬಲ್‌ನನ್ನು ಕರೆದುಕೊಂಡು ಹೊರಟರು.

ಕಾರ್ಖಾನೆಯ ಪರೀಕ್ಷಾ ಕೋಣೆಯ ಬೀಗ ಒಡೆದಿರಲಿಲ್ಲ. ಚೂರುಗಳೂ ಚೆಲ್ಲಾಪಿಲ್ಲಿಯಾಗಿರಲಿಲ್ಲ, ಬೆಂಚಿನ ಮೇಲೆ, ಮುರಿದ ಮುಖ ಕಾಣುವಂತೆ ಸಾಲಾಗಿದ್ದವು. ಕೊನೆಯಲ್ಲಿ ಹಳೆಯ ಕೊಕ್ಕೆಯೊಂದಿತ್ತು. ಅದಕ್ಕೂ ಏಟು ಬಿದ್ದಿತ್ತು, ಆದರೆ ಬಾಯಿ ಅಗಲಿಸಿ ಬಾಗಿತ್ತೇ ಹೊರತು ಮುರಿದಿರಲಿಲ್ಲ.

"ಸಿಟ್ಟಿಗೆ ಒಡೆದೋರು ಹೀಗೆ ಜೋಡಿಸಿಡ್ತಾರೇನಯ್ಯಾ?"

"ನಮಗೇ ತೋರ್ಸೋಕೆ ಇಟ್ಟ ಹಾಗಿದೆ ಸಾರ್," ಎಂದ ಮೀಸೆ.

ಕುಲುಮೆಯ ಮೇಸ್ತ್ರಿಯನ್ನು ಕರೆಸಿದರು. ಅವನು ಮಾಲೀಕರ ಮುಖ ನೋಡಿದ. ಆಮೇಲೆ ಹಳೆಯ ಕೊಕ್ಕೆ, ಹೊಸದರ ಚೂರು ಎರಡನ್ನೂ ಒಂದೊಂದಾಗಿ ಸಾಣೆ ಚಕ್ರಕ್ಕೆ ಹಿಡಿದ. ಹಳೆಯದರ ಕಿಡಿಗಳು ಉದ್ದವಾಗಿ ನೇರ ಹಾರಿದವು. ಹೊಸದರವು ಕವಲೊಡೆದು ಚಟಪಟ ಸಿಡಿದವು.

"ಹಳೇದ್ರಲ್ಲಿ ಕಾರ್ಬನ್ ಕಡಿಮೆ ಸಾರ್. ಭಾರ ಮಿತಿಮೀರಿದ್ರೆ ಮೊದಲು ಬಾಗುತ್ತೆ, ಕೆಳಗಿರೋರು ಓಡಬಹುದು. ಹೊಸದು ಕಾರ್ಬನ್ ಜಾಸ್ತಿ ಇರೋದು. ಸ್ಪ್ರಿಂಗಿಗೆ, ಉಳಿಗೆ ಒಳ್ಳೇದು, ಗಟ್ಟಿ. ಕೊಕ್ಕೆ ಮಾಡಿದ್ರೆ ಹೇಳದೆ ಕೇಳದೆ ಪಟ್ ಅಂತ ಮುರಿಯುತ್ತೆ."

"ಇದ್ರಲ್ಲೇ ಮಾಡು ಅಂದೋರು ಯಾರು?"

ಮಾಲೀಕರು, "ಮಿಕ್ಕಿದ್ದ ಸರಳು, ಸುಮ್ನೆ ಯಾಕೆ ಹಾಳಾಗ್ಬೇಕು?" ಎಂದು ಗೊಣಗಿದರು.

ಪಂಚರ ಎದುರು ಪಂಚನಾಮೆ ಬರೆದು, ಚೂರುಗಳನ್ನು ಚೀಲಕ್ಕೆ ತುಂಬಿ ಅರಗಿನ ಮೊಹರು ಒತ್ತಿದರು. ಕೋಣೆಯ ಕೀಲಿ ಇರುತ್ತಿದ್ದುದು ಒಬ್ಬಳ ಬಳಿ. ಸರಕು ಪರೀಕ್ಷಿಸಿ ಮುದ್ರೆ ಹಾಕುವ ಆಕೆಯನ್ನು ಕಾರ್ಖಾನೆಯವರೆಲ್ಲ ಅಕ್ಕ ಎನ್ನುತ್ತಿದ್ದರು. ಕರೆದ ತಕ್ಷಣ ಬಂದಳು.

"ಒಡೆದದ್ದು ಯಾರು?"

"ನಾನೇ. ರಟ್ಟೆ ಇನ್ನೂ ನೋಯ್ತಿದೆ."

"ಮಾಲೀಕರಿಗೆ ಹೇಳ್ಬಹುದಿತ್ತಲ್ಲ?"

"ಹೇಳ್ದೆ. ಮುದ್ರೆ ಹಾಕು, ಇಲ್ಲ ಮನೇಲಿರು ಅಂದ್ರು."

"ಠಾಣೆಗೆ ಬರ್ಬೇಕಿತ್ತು."

ಆಕೆ ಮೀಸೆಯ ಕಡೆ ತಿರುಗಿದಳು. "ಬಂದಿದ್ದೆ. ಈ ಅಣ್ಣನೇ ಕೂತಿದ್ರು. ‘ಏನೂ ಆಗಿಲ್ವಲ್ಲಮ್ಮ, ಏನಾದ್ರೂ ಆದ್ಮೇಲೆ ಬಾ’ ಅಂದ್ರು. ಅದಕ್ಕೇ ನಾನೇ ಆಗೋ ಹಾಗೆ ಮಾಡ್ದೆ. ಈಗ ಎಫ್‌ಐಆರ್ ಆಯ್ತಲ್ಲ?"

ಮೀಸೆಯ ಮುಖ ಸಪ್ಪಗಾಯಿತು. ಮಾಲೀಕರ ದನಿ ಮಾತ್ರ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು.

"ಹೋಗ್ಲಿ ಬಿಡಿ ಸಾರ್, ನಮ್ಮನೆ ಮಗಳಿದ್ದ ಹಾಗೆ. ತಪ್ಪಾಯ್ತು ಅನ್ಲಿ, ರಾಜಿ ಮಾಡ್ಕೊಳ್ಳೋಣ. ಆ ಚೀಲ ನನಗೆ ಕೊಟ್ಬಿಡಿ."

ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಸಂಕಟವಾಯಿತು. ಇಂಥವಳನ್ನು ಲಾಕಪ್ಪಿಗೆ ಹಾಕುವ ಕೆಲಸ ತಮಗೇ ಏಕೆ ಬಂತೋ! "ಒಂದು ಮಾತು ಅಂದ್ಬಿಡಮ್ಮ. ಮನೆಗೆ ಹೋಗ್ಬಹುದು."

"ಕೇಸು ಹೋದ್ರೆ ಚೀಲಾನೂ ಹೋಗುತ್ತೆ, ನಾಳೆ ಅದೇ ಸರಳಲ್ಲಿ ಇನ್ನೊಂದಷ್ಟು ಕೊಕ್ಕೆ ಬರುತ್ತೆ. ಅನ್ನಲ್ಲ ಸಾರ್. ಚೂರುಗಳನ್ನ ಪ್ರಯೋಗಾಲಯಕ್ಕೆ ಕಳಿಸಿ. ನನ್ನನ್ನ ಆರೋಪಿ ಅಂತ ದಪ್ಪ ಅಕ್ಷರದಲ್ಲೇ ಬರೀರಿ."

ಬರೆದರು. ಜತೆಗೆ ಇನ್ನೊಂದು ಎಫ್‌ಐಆರ್ ಕೂಡ ಬರೆದರು. ಅದರಲ್ಲಿ ಆರೋಪಿ ಮಾಲೀಕರು, ದೂರುದಾರ ಸ್ವತಃ ಇನ್ಸ್‌ಪೆಕ್ಟರ್. ಮಾಲೀಕರ ಕೂಗಾಟಕ್ಕೆ ಯಾರೂ ಕಿವಿಗೊಡಲಿಲ್ಲ.

ಠಾಣೆಯಲ್ಲಿ ಮೀಸೆ ಬಂಧನದ ಪತ್ರ ತುಂಬಿಸುತ್ತಿದ್ದ. ತಲೆ ಎತ್ತದೆಯೇ ಕೇಳಿದ: "ವಿಷಯ ಯಾರಿಗೆ ತಿಳಿಸ್ಬೇಕಮ್ಮ?"

"ತಮ್ಮನಿಗೆ."

"ಎಲ್ಲಿ ಸಿಗ್ತಾನೆ?"

"ಈ ಕೊಕ್ಕೆಗಳು ಹೋಗ್ಬೇಕಿದ್ದ ಉಗ್ರಾಣದಲ್ಲಿ. ಕ್ರೇನ್ ಕೆಳಗೆ ನಿಂತು ಸರಪಳಿ ಬಿಗೀತಾನೆ." ಆಕೆ ಸಹಿ ಹಾಕಿ ಪೆನ್ನು ಹಿಂದಿರುಗಿಸಿದಳು. "ಗಾಬರಿಯಾಗೋ ಹಾಗೆ ಹೇಳ್ಬೇಡಿ ಅಣ್ಣ. ಅಕ್ಕ ಬರೋದು ತಡ ಆಗುತ್ತೆ, ಊಟ ಮಾಡ್ಬಿಡು ಅನ್ನಿ, ಸಾಕು."