ಹದಿಮೂರಾದ ಮೇಲೆ ಹದಿನೈದು

ಕೊನೆಯ ಬೆಂಚಿನವರೆಗೂ ಹೋಗಿಬಂದ ರಟ್ಟಿನ ಪೆಟ್ಟಿಗೆಯೊಳಗೆ ಅವಳು ಕೈ ಹಾಕಿದಳು. ನಾಲ್ಕು ಮೂಲೆಯನ್ನೂ ತಡಕಿದಳು. ಬೆರಳಿಗೆ ಹತ್ತಿದ್ದು ಒಂದಿಷ್ಟು ಧೂಳು ಮಾತ್ರ.

"ಏನ್ ಮಾನಿಟರ್, ಯಾರ ಚೀಟಿ ಬಂತು?" ಮುಂದಿನ ಬೆಂಚಿನಿಂದ ಗಿಳಿ ಕತ್ತು ಚಾಚಿದಳು. ಅವಳ ಬಾಯಿ ನಿದ್ದೆಯಲ್ಲೂ ಸುಮ್ಮನಿರುವುದಿಲ್ಲವೆಂದು ತರಗತಿಯವರೆಲ್ಲ ಆ ಹೆಸರಿಟ್ಟಿದ್ದರು.

"ಹೇಳಬಾರದು ಅಂದಿದಾರಲ್ಲ," ಎಂದು ಮಾನಿಟರ್ ಮುಷ್ಟಿ ಬಿಗಿಮಾಡಿಕೊಂಡಳು. ಮುಷ್ಟಿಯಲ್ಲಿ ಏನೂ ಇರಲಿಲ್ಲ.

ಹತ್ತನೆಯ ತರಗತಿ ಮುಗಿಸಿ ಹೋಗುವವರು ಒಂದು ಪುಸ್ತಕ ಮಾಡಿಸುವುದು ಆ ಶಾಲೆಯ ರೂಢಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹಾಜರಿ ಸಂಖ್ಯೆ ಮತ್ತು ಹೆಸರು, ಕೆಳಗೆ ಅವರ ಗುಣ, ಸಾಧನೆ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವಂತಿಲ್ಲ. ಚೀಟಿಯಲ್ಲಿ ಯಾರ ಹೆಸರು ಬರುತ್ತದೆಯೋ ಅವರ ಬಗ್ಗೆ ಬರೆಯಬೇಕು.

ಚೀಟಿಗಳನ್ನು ಬರೆದವಳು ಅವಳೇ. ಹಿಂದಿನ ದಿನ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ದಿನವೂ ಕೂಗುವ ಧಾಟಿಯಲ್ಲಿ ಗೊಣಗುತ್ತಾ ಬರೆದಿದ್ದಳು. ಹದಿನಾಲ್ಕು ಅವಳದೇ ಸಂಖ್ಯೆ. ಅದನ್ನು ಅವಳು ಎಂದೂ ಕೂಗುತ್ತಿರಲಿಲ್ಲ. ಸುಮ್ಮನೆ ಗುರುತು ಹಾಕಿ ಮುಂದೆ ಹೋಗುತ್ತಿದ್ದಳು. ಚೀಟಿ ಬರೆಯುವಾಗಲೂ ಅವಳ ಕೈ ಹದಿಮೂರರಿಂದ ಹದಿನೈದಕ್ಕೆ ಹಾರಿಬಿಟ್ಟಿತ್ತು.

ಪೆಟ್ಟಿಗೆ ಖಾಲಿಯೆಂದು ತಿಳಿದಾಗಲೇ ಎದ್ದು ಹೇಳಬಹುದಿತ್ತು. ಆದರೆ ಅವಳಿಗೊಂದು ಆಸೆ ಹುಟ್ಟಿತು. ನಾಳೆಯೋ ನಾಡಿದ್ದೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಅಲ್ಲಾ, ಮಾನಿಟರ್ ಬಗ್ಗೆ ಯಾರು ಬರೀತಿದಾರೆ?'

ಮರುದಿನದಿಂದ ಎಲ್ಲರೂ ಅವಳ ಬಳಿಗೆ ಬಂದರು.

"ಮಾನಿಟರ್, ನಮ್ಮ ಏಣಿ ಹೈಜಂಪ್‌ನಲ್ಲಿ ಎಷ್ಟನೇ ಬಹುಮಾನ?" ಎಂದು ತರಗತಿಯ ಅತಿ ಎತ್ತರದವನ ಬಗ್ಗೆ ಕೇಳಿದವನು ಲಾಯರ್. ಕಳೆದುಹೋದ ಅರ್ಧ ಅಂಕಕ್ಕಾಗಿ ಅರ್ಧ ಗಂಟೆ ವಾದ ಮಾಡುವವನು ಅವನು.

"ಎರಡನೇದು. ಮಳೆ ಬಂದು ನೆಲ ಜಾರ್ತಿತ್ತು, ಅದನ್ನೂ ಬರಿ."

"ನೀನೊಬ್ಬಳು ಇಲ್ಲದಿದ್ರೆ ನಮ್ಮ ಕತೆ ಅಷ್ಟೇ!" ಎಂದು ಅವನು ಓಡಿದ.

ಅವಳಿಗೆ ಎಲ್ಲರ ವಿಷಯವೂ ಗೊತ್ತಿತ್ತು. ಗಿಳಿ ಭಾಷಣದ ನಡುವೆ ಮಾತು ಮರೆತು ಅತ್ತ ದಿನವೂ, ಅದೇ ಗಿಳಿ ಮುಂದಿನ ವರ್ಷ ಕಪ್ ಗೆದ್ದ ದಿನವೂ ನೆನಪಿದ್ದವು. ಕೇಳಿದವರಿಗೆಲ್ಲ ಹೇಳಿದಳು. ಅವಳ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ವಾರ ಕಳೆಯಿತು. ಬರೆದು ಕೊಟ್ಟ ಹಾಳೆಗಳನ್ನು ಸಂಖ್ಯೆಯ ಪ್ರಕಾರ ಜೋಡಿಸುವುದೂ ಅವಳದೇ ಕೆಲಸ. 'ಲಾಯರ್ ಜೊತೆ ವಾದ ಮಾಡುವುದಕ್ಕಿಂತ ಗೋಡೆ ಜೊತೆ ಮಾಡುವುದು ಸುಲಭ. ಆದರೆ ಅವನು ಒಮ್ಮೆಯೂ ಸುಳ್ಳು ಹೇಳಲಿಲ್ಲ,' ಎಂದಿತ್ತು ಒಂದು ಹಾಳೆ. ಓದಿ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಗಣಿತದ ಮೇಷ್ಟ್ರು ಹಾಳೆಗಳ ಕಟ್ಟನ್ನು ಬಿಚ್ಚಲೇ ಇಲ್ಲ.

"ನೀನು ನೋಡಿದ್ದೀಯ ತಾನೆ?"

"ನೋಡಿದೀನಿ ಸರ್."

"ಹಾಗಾದ್ರೆ ಸರಿಯಾಗಿರುತ್ತೆ ಬಿಡು," ಎಂದು ಅದನ್ನು ಪ್ರೆಸ್ಸಿಗೆ ಹೋಗುವ ಚೀಲದಲ್ಲಿಟ್ಟರು.

'ಸರ್, ನಾನಿಲ್ಲ' ಎನ್ನಬೇಕು, ಅಷ್ಟೇ. ಹಾಗೆಂದರೆ ಮೇಷ್ಟ್ರು ಯಾರನ್ನೋ ಕರೆದು ಬರೆಸುತ್ತಾರೆ. ಆ ಯಾರೋ ಪೆನ್ನು ಕಚ್ಚುತ್ತಾ ಅವಳ ಮುಖ ನೋಡಿ, 'ಏನ್ ಬರೀಲಿ ಮಾನಿಟರ್, ನೀನೇ ಹೇಳು' ಎನ್ನುತ್ತಾರೆ. ಆ ಪ್ರಶ್ನೆಗೆ ಅವಳ ಬಳಿ ಉತ್ತರವಿರಲಿಲ್ಲ. ಸುಮ್ಮನೆ ಹೊರಟುಬಂದಳು.

ಅದಕ್ಕಿಂತಲೂ ದೊಡ್ಡ ಭಯವೊಂದಿತ್ತು. ಅವಳ ಅಮ್ಮ ಕೆಲಸ ಮಾಡುತ್ತಿದ್ದುದು ಅದೇ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ.

ನಾಲ್ಕನೆಯ ದಿನ ಸಂಜೆ ಅಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಕೈಗೆ ಹತ್ತಿದ ಅಂಟನ್ನು ಉಜ್ಜಿ ತೊಳೆಯುತ್ತಾ ಬಹಳ ಹೊತ್ತು ನಲ್ಲಿಯ ಕೆಳಗೇ ನಿಂತಳು.

"ಇವತ್ತು ನಿಮ್ಮ ಪುಸ್ತಕ ಬಂದಿತ್ತು ಕಣೆ," ಎಂದಳು ಕಡೆಗೆ.

ಮಗಳು ತಲೆಯೆತ್ತಲಿಲ್ಲ.

"ನಾನೇ ಹೊಲೀತೀನಿ ಅಂತ ಕೇಳಿ ಇಸ್ಕೊಂಡೆ. ನನ್ನ ಮಗಳ ಪುಟ ತೋರಿಸ್ತೀನಿ ಬನ್ರೇ ಅಂತ ಎಲ್ಲರನ್ನೂ ಕರೆದೆ. ಪಾಪ, ಕೈಲಿದ್ದ ಕೆಲಸ ಬಿಟ್ಟು ಬಂದು ನಿಂತ್ರು. ನೋಡಿದ್ರೆ ಹದಿಮೂರಾದ ಮೇಲೆ ಹದಿನೈದು. ಹಾಳೆ ಎಲ್ಲೋ ಜಾರಿರಬೇಕು ಅಂತ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದೆ."

ಅಮ್ಮ ಮೊಣಕಾಲೂರಿ ಹುಡುಕಿದ್ದು ಮಗಳ ಕಣ್ಣಿಗೆ ಕಟ್ಟಿತು.

"ಚೀಟಿ ಬರೆಯುವಾಗ ನನ್ನನ್ನ ನಾನೇ ಮರೆತೆ ಅಮ್ಮ. ಯಾರಾದ್ರೂ ಕೇಳ್ತಾರೆ ಅಂದ್ಕೊಂಡೆ. ಯಾರೂ ಕೇಳಲಿಲ್ಲ." ಅವಳ ಧ್ವನಿ ಒಡೆಯಿತು. "ಈಗ ಸೇರಿಸೋಕಾಗಲ್ವಾ?"

"ಅಚ್ಚಾಗಿದ್ದೇ ಅಷ್ಟು ಅಂದ್ರು. ಹೊಲಿಗೆ ಹಾಕಾಯ್ತು, ರಟ್ಟೂ ಅಂಟಿಸಾಯ್ತು. ಇನ್ನು ಬಿಚ್ಚೋ ಹಾಗಿಲ್ಲ ಮಗಳೇ."

ಅಮ್ಮ ಅವಳ ಪಕ್ಕದಲ್ಲಿ ಕುಳಿತು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳಿಂದ ಅವಳ ಕೂದಲು ಸವರಿದಳು.

"ಇನ್ನೂ ಒಂದು ಹಾಳೆ ಇರಲಿಲ್ಲ," ಎಂದಳು ಅಮ್ಮ. "ಮೂವತ್ತಾರಾದ ಮೇಲೆ ಮೂವತ್ತೆಂಟು. ಮೂವತ್ತೇಳು ಯಾರು?"

ಅವಳ ಅಳು ನಿಂತಿತು.

ಮೂವತ್ತೇಳು ಹಿಂದಿನ ಬೆಂಚಿನ ತಂತಿ. ಜೇಬಿನ ತುಂಬ ತಂತಿ ತುಂಡು ಇಟ್ಟುಕೊಂಡು, ಮುರಿದುಬಿದ್ದ ಕಿಟಕಿಯ ಕೊಂಡಿಗಳನ್ನೆಲ್ಲ ಬಿಗಿಯುತ್ತಿದ್ದ ಹುಡುಗ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಅವನು ಬರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಅವನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಗೆರೆ ಎಳೆಯುವಾಗ ಸ್ಕೇಲ್ ಹಿಡಿದುಕೊಂಡಿದ್ದವಳು ಮಾನಿಟರ್.

ಇನ್ನೊಂದು ವಿಷಯವೂ ನೆನಪಾಯಿತು. ಅವಳು ಹದಿಮೂರು ಕೂಗಿ ಹದಿನೈದಕ್ಕೆ ಹೋಗುವ ನಡುವೆ, ಹಿಂದಿನ ಬೆಂಚಿನಿಂದ ದಿನವೂ ಒಂದು ಸಣ್ಣ ಧ್ವನಿ ಬರುತ್ತಿತ್ತು: "ಹದಿನಾಲ್ಕು, ಎಸ್ ಸರ್." ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು. ಗಲಾಟೆ ಮಾಡುವವರ ಪಟ್ಟಿಯಲ್ಲಿ ಅವನ ಹೆಸರನ್ನು ಅವಳು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದಳೋ! ಆ ಧ್ವನಿ ನಿಂತ ಮೇಲೆ ಹಾಜರಿ ಬೇಗ ಮುಗಿಯತೊಡಗಿತು. ಒಳ್ಳೆಯದಾಯಿತೆಂದೇ ಅವಳು ಅಂದುಕೊಂಡಿದ್ದಳು.

"ಯಾರು ಅಂದೆನಲ್ಲ?"

"ಒಬ್ಬ ಹುಡುಗ," ಎಂದಳು. "ಎಲ್ಲಿದ್ದಾನೋ ಗೊತ್ತಿಲ್ಲ. ನಾನು ಕೇಳಲೇ ಇಲ್ಲ."

ಕೊನೆಯ ದಿನ ಪುಸ್ತಕಗಳನ್ನು ಹಂಚಿದರು. ಗಿಳಿ ತನ್ನ ಪುಟವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದಳು. ಏಣಿಯ ಪುಟದಲ್ಲಿ ಮಳೆಯ ಮಾತೂ ಇತ್ತು. ಎಲ್ಲರೂ ತಂತಮ್ಮ ಪುಟಗಳನ್ನೇ ತೆರೆದುಕೊಂಡಿದ್ದರು. ಹದಿಮೂರಾದ ಮೇಲೆ ಏನು ಬರುತ್ತದೆಂದು ಯಾರೂ ನೋಡಲಿಲ್ಲ.

"ಕಡೇ ಸಲ ಹಾಜರಿ ಕೂಗಮ್ಮ," ಎಂದರು ಮೇಷ್ಟ್ರು.

"ಹದಿಮೂರು."

"ಎಸ್ ಸರ್."

ಅಲ್ಲಿ ಅವಳು ತಡೆದಳು. ಹಿಂದಿನ ಬೆಂಚಿನಿಂದ ಏನೂ ಕೇಳಿಸಲಿಲ್ಲ. ಗುರುತು ಹಾಕಿ ಮುಂದೆ ಹೋದಳು.

"ಮೂವತ್ತಾರು."

"ಎಸ್ ಸರ್."

ಮೂವತ್ತೆಂಟರವಳು ಆಗಲೇ ಬಾಯಿ ತೆರೆದಿದ್ದಳು.

"ಮೂವತ್ತೇಳು," ಎಂದಳು ಮಾನಿಟರ್.

ಕೆಲವರು ಪುಸ್ತಕದಿಂದ ತಲೆಯೆತ್ತಿದರು.

"ಅವನು ಬಿಟ್ಟು ಹೋದನಲ್ಲಮ್ಮ," ಎಂದರು ಮೇಷ್ಟ್ರು.

"ಎಲ್ಲಿಗೆ ಸರ್?" ಎಂದು ಕೇಳಿದ ಲಾಯರ್.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರಿಗೂ ಗೊತ್ತಿರಲಿಲ್ಲ.

ಅವನ ಪರವಾಗಿ ತಾನು 'ಎಸ್ ಸರ್' ಎನ್ನಬೇಕೆಂದು ಅವಳು ಬಾಯಿ ತೆರೆದಳು. ಹಾಗೆಯೇ ಮುಚ್ಚಿಕೊಂಡಳು. ಅವಳ ಪರವಾಗಿ ಅವನು ಕೂಗುತ್ತಿದ್ದಾಗ ಅವಳು ಅಲ್ಲಿ, ಅವನ ಎದುರಿಗೇ ಇದ್ದಳು; ಅವನು ಈಗ ಇಲ್ಲಿರಲಿಲ್ಲ.

ಕಿಟಕಿಯ ಕೊಂಡಿಯಲ್ಲಿ ಅವನು ಬಿಗಿದ ತಂತಿ ಇನ್ನೂ ಹಾಗೆಯೇ ಇತ್ತು. ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿರಲಿಲ್ಲ.

ಒಂದು ಉತ್ತರ ಬರಲು ಹಿಡಿಯುವಷ್ಟು ಹೊತ್ತು ಅವಳು ಕಾದಳು. ಆಮೇಲೆ ಮುಂದಿನ ಸಂಖ್ಯೆ ಕೂಗಿದಳು.