ನೀರು ಬೆರೆಸದ ಗುಟುಕು

ಹೆರಾಯಿನ್ ಚಟ ಬಿಡಿಸುವ ಔಷಧಿಗೆ ನೀರು ಬೆರೆಸಿದರು. ಸರ್ಕಾರ ಪೂರ್ತಿ ಔಷಧಿಗೇ ಅನುದಾನ ಕೊಟ್ಟಿತ್ತು. ನನ್ನ ತಂಗಿ ವರ್ಲೀನ್ ಔಷಧಿ ಸಾಲದೆ ಬಂದ ಮೈನಡುಕ ತಾಳಲಾರದೆ ಬೀದಿಯ ಮಾಲು ಚುಚ್ಚಿಕೊಂಡು ಸತ್ತಳು.

ಈಗ ಅದೇ ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ನಾನಿದ್ದೆ. ಔಷಧಿ ಕೊಡುವ ಕಿಟಕಿಗೆ ಕಬ್ಬಿಣದ ಸರಳು. ಬಾಗಿಲಿಗೆ ಬೀಗ. ಪಕ್ಕೆಗೆ ಪಿಸ್ತೂಲು!

ಪಿಸ್ತೂಲು ಹಿಡಿದವನು ಕ್ಲಿನಿಕ್ಕಿನ ಮಾಲೀಕ ಪ್ರೆಂಟಿಸ್ ಕಾಬ್. ಫೋನಿಗೆ ಕ್ಲಿನಿಕ್ಕಿನ ಅಲಾರಂ ಬಂದದ್ದೇ ಚರ್ಚಿನಿಂದ ನೇರ ಬಂದಿದ್ದ. ಕೋಟಿನಲ್ಲಿ ಹೂವು ಬೇರೆ!

ವೆಸ್ಟ್ ವರ್ಜೀನಿಯಾದ ಈ ಕಲ್ಲಿದ್ದಲು ಕಣಿವೆಯಲ್ಲಿ ಜಾಮೀನು ಪಡೆದು ಕೋರ್ಟಿಗೆ ಬಾರದೆ ಓಡಿದವರನ್ನು ಹಿಡಿದು ತರುವುದು ನನ್ನ ಕಸುಬು. ಇವತ್ತು ಬೋನಿಗೆ ನಾನೇ ಬಿದ್ದಿದ್ದೆ. ಪರೀಕ್ಷೆಗೆ ಕಳಿಸೋಣವೆಂದು ಒಂದು ಬಾಟಲಿ ಕದಿಯಲು ಬಂದಿದ್ದೆ, ಅಷ್ಟೆ. ಭಾನುವಾರ ಮಧ್ಯಾಹ್ನ ಇಲ್ಲಿ ನರಪಿಳ್ಳೆ ಇರುವುದಿಲ್ಲ ಅಂತ ನನ್ನ ಲೆಕ್ಕ...

"ಸುರಿ, ಓಲೆಟಾ," ಅಂದ ಕಾಬ್. "ಸೇಫಿನಲ್ಲಿರೋದು. ಲೋಟದ ತುಂಬ."

ಓಲೆಟಾ ಇಲ್ಲಿಯ ನರ್ಸು. ಸೇಫಿನ ಕೀಲಿ ಅವಳ ಹತ್ತಿರ. ಅದಕ್ಕೇ ಅವಳನ್ನೂ ಚರ್ಚಿನಿಂದ ಎಳೆದು ತಂದಿದ್ದ.

"ಸಾರ್, ಅಭ್ಯಾಸ ಇಲ್ಲದವನಿಗೆ ಅಷ್ಟು ಕೊಟ್ರೆ ಉಸಿರೇ ನಿಲ್ಲುತ್ತೆ!"

"ಗೊತ್ತು. ಕದಿಯೋಕೆ ಬಂದ, ಕುಡಿದ, ಸತ್ತ. ಈ ಊರಲ್ಲಿ ಯಾರು ಕೇಳ್ತಾರೆ?"

"ಕಿಟಕಿ ಹತ್ರದ ಬಾಟಲಿಂದ ಕೊಡು, ಕಾಬ್," ಅಂದೆ. "ಬಾಯಾರಿಕೆಯಾದ್ರೂ ಹೋಗುತ್ತೆ."

ನಕ್ಕ. "ಅದು ಅರ್ಧ ನೀರು, ತಮ್ಮಾ. ಅಸಲಿ ಮಾಲು ಸೇಫಿನಲ್ಲಿದೆ. ಉಳಿಸಿದ ಅರ್ಧ ಹೊರಗೆ ಮಾರಿದ್ರೆ ಚಿನ್ನದ ಬೆಲೆ!"

ಓಲೆಟಾಳ ಕೈ ಗಕ್ಕನೆ ನಿಂತಿತು. ಇಷ್ಟು ಕಾಲ ನೀರೆಂದು ಗೊತ್ತಿಲ್ಲದೆ ಅಳೆದು ಕೊಟ್ಟವಳು ಅವಳೇ. ವರ್ಲೀನಳಿಗೂ!

ಪಿಸ್ತೂಲು ಅವಳ ಕಡೆ ತಿರುಗಿತು. ಸುರಿದಳು.

"ಕುಡಿ!"

ಕುಡಿದೆ. ಅಂದರೆ... ಬಾಯಿಗೆ ಹಾಕಿಕೊಂಡೆ.

ಕಾಬ್ ಎಂದೂ ಆ ಕಿಟಕಿಯ ಮುಂದೆ ಸಾಲು ನಿಂತವನಲ್ಲ. ವರ್ಲೀನಳನ್ನು ಕರೆತರುತ್ತಿದ್ದ ನನಗೆ ಗೊತ್ತು, ಇಲ್ಲಿ ಔಷಧಿ ಕುಡಿದವರು ನರ್ಸಿನ ಎದುರು ಒಂದು ಮಾತಾಡಲೇಬೇಕು. ಬಾಯಲ್ಲಿ ಉಳಿಸಿಕೊಂಡು ಹೋಗಿ ಮಾರಬಾರದು ನೋಡಿ! "ಮಾತಾಡಪ್ಪಾ" ಅನ್ನದೆ ಓಲೆಟಾ ಯಾರನ್ನೂ ಬಿಟ್ಟವಳಲ್ಲ.

ನನ್ನ ಕೆನ್ನೆ ನೋಡಿದಳು. ಅವಳ ತುಟಿ ಅಲುಗಿತು. ಹಾಳು ಅಭ್ಯಾಸಬಲ! ನನ್ನ ಜೀವ ಅವಳ ನಾಲಿಗೆಯ ತುದಿಯಲ್ಲಿ...

ತುಟಿ ಕಚ್ಚಿಕೊಂಡಳು.

ಕಾಬ್ ಪಿಸ್ತೂಲು ಇಳಿಸಿದ.

ಥೂ!

ಕೆಂಪು ಸಿರಪ್ಪು ಅವನ ಕಣ್ಣಿಗೆ! ನನ್ನ ಮೊಣಕಾಲು ಅವನ ಹೊಟ್ಟೆಗೆ. ಪಿಸ್ತೂಲು ನನ್ನ ಕೈಗೆ.

"ಮುಟ್ಠಾಳ!" ನೆಲದಿಂದಲೇ ಕಿರುಚಿದ. "ನನ್ನ ಹಿಡಿದುಕೊಟ್ರೆ ಅನುದಾನ ನಿಲ್ಲುತ್ತೆ. ಇಲ್ಲಿಗೆ ಬೀಗ! ನಾಳೆ ಬೆಳಿಗ್ಗೆ ಗಣಿಗೆ ಹೋಗೋ ಮೊದಲು ಬಂದು ನಿಲ್ಲೋರಿಗೆ ಆ ಅರ್ಧ ಔಷಧೀನೂ ಇಲ್ಲ. ಎಷ್ಟು ಹೆಣ ಹೊರ್ತೀಯೋ?"

ಬೋನಿನೊಳಗೆ ಇನ್ನೊಂದು ಬೋನು! ಅವನು ಹೇಳಿದ್ದು ನಿಜ. ಕದ್ದವನಿಗೆ ಜಾಮೀನು ಸಿಗುತ್ತದೆ. ಸಾಲಿನಲ್ಲಿ ನಿಂತವರಿಗೆ ಸಿಗುವುದಿಲ್ಲ.

ಬಿಟ್ಟರೂ ಸಾವು, ಹಿಡಿದರೂ ಸಾವು. ಫೋನ್ ಮಾಡಿದೆ.

ಸೈರನ್ ಹತ್ತಿರವಾಯಿತು.

"ನಡಿಯಕ್ಕಾ, ಹೊರಗೆ. ಪೊಲೀಸರು ಸೀಲ್ ಹಾಕ್ತಾರೆ," ಅಂದೆ.

ಓಲೆಟಾ ಸೇಫಿನ ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು. ಕಿಟಕಿಯ ಹಿಂದಿನ ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತಳು.

"ಬರಲ್ಲ. ಬೆಳಿಗ್ಗೆ ಜನ ಬರ್ತಾರೆ. ನೀರಿಲ್ಲದ್ದು ಕೊಡ್ತೀನಿ. ಸೀಲ್ ಹಾಕಲೇಬೇಕಂದ್ರೆ... ನನ್ನ ಒಳಗಿಟ್ಟೇ ಹಾಕ್ಲಿ!"