ನಿಖಿತಾ ಮಡಿಸಿದ ವೀಳ್ಯ

"ಬೇಡ!"

ನಿಖಿತಾ ಬಾಯಿಯ ಹತ್ತಿರ ತಂದ ವೀಳ್ಯವನ್ನು ಮುನಿರಾಜ್ ತಟ್ಟನೆ ತಡೆದ. ಹಲಸೂರಿನ ಛತ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು! ನಿಶ್ಚಿತಾರ್ಥದ ಊಟವಾದ ಮೇಲೆ ಹುಡುಗಿ ಮಡಿಸಿಕೊಟ್ಟ ವೀಳ್ಯವನ್ನು ಹುಡುಗ ಎಲ್ಲರೆದುರು ಜಗಿಯಬೇಕು. ನಿಖಿತಾಳ ಮನೆತನದ ಪದ್ಧತಿ ಅದು.

ಅವಳ ಕಣ್ಣು ತುಂಬಿತು. ನೆಂಟರಿಷ್ಟರ ಮುಂದೆ ಇಂಥ ಅವಮಾನವೇ!

"ಎಲೆ ಬೇಡ ಅನ್ನೋ ಗಂಡಿನ ಮನಸ್ಸು ಬೇರೆ ಕಡೆ ಇರ್ತದೆ ಕಣೇ," ಎಂದು ಅಜ್ಜಿ ಆಂಜನಮ್ಮ ಕಿವಿಯಲ್ಲಿ ಉಸುರಿದರು.

ಅಜ್ಜಿ ಸುಮ್ಮನಿರಬಾರದಿತ್ತೇ! ಅನುಮಾನದ ಹುಳ ಒಮ್ಮೆ ತಲೆ ಹೊಕ್ಕರೆ ಬಿಡುತ್ತದೆಯೇ?

ಅಂದಿನಿಂದ ಅವನ ಮೇಲೆ ಕಣ್ಣಿಡುವುದೇ ನಿಖಿತಾಳ ಕೆಲಸ. ಹೋಟೆಲಿಗೆ ಹೋದರೆ ಅವನಿಗೆ ಬರೀ ಮೊಸರನ್ನ. ನಕ್ಕರೂ ತುಟಿ ಬಿಚ್ಚದ ನಗು. ಫೋನಿನಲ್ಲಿ ಪದೇ ಪದೇ ಒಂದೇ ಹೆಸರು... ಮೆಹ್ವಿಶ್.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮದುವೆ ಸೀರೆ ಆರಿಸುತ್ತಿದ್ದಾಗಲೂ ಅದೇ ಹೆಸರು ಮಿನುಗಿತು.

"ಅರ್ಜೆಂಟ್ ಕೆಲ್ಸ. ನೀನು ಮನೆಗೆ ಹೋಗ್ಬಿಡು, ಪ್ಲೀಸ್," ಎಂದವನೇ ಬೈಕ್ ಹತ್ತಿದ.

'ಕೆಲ್ಸವಂತೆ ಕೆಲ್ಸ! ಇವತ್ತು ಸಿಕ್ಕಿಬಿದ್ರಿ!'

ಆಟೋ ಹಿಡಿದು ಹಿಂಬಾಲಿಸಿದಳು. ಬೈಕ್ ರಿಚರ್ಡ್ಸ್ ಟೌನಿನ ಒಂದು ಗೇಟಿನ ಮುಂದೆ ನಿಂತಿತು. ಬೋರ್ಡ್ ಓದುವ ತಾಳ್ಮೆ ಅವಳಿಗೆಲ್ಲಿತ್ತು? ನೇರ ಒಳಗೆ ನುಗ್ಗಿದಳು. ಅರೆತೆರೆದ ಬಾಗಿಲಾಚೆ ಹೆಣ್ಣುದನಿ!

"ಮದ್ವೆಗೆ ಮುಂಚೆ ಅವ್ರಿಗೆ ಹೇಳ್ಲೇಬೇಕು, ಮುನಿರಾಜ್."

"ಹೇಳಲ್ಲ. ಅವ್ಳೇ ನನ್ನ ಬೇಡ ಅಂದ್ಬಿಡ್ಲಿ."

ನಿಖಿತಾ ಬಾಗಿಲನ್ನು ಧಡ್ಡನೆ ತಳ್ಳಿದಳು. "ಹೇಳಿ! ಯಾರಿವ್ರು?"

ಬಿಳಿ ಕೋಟಿನ ಮೆಹ್ವಿಶ್ ಬೆಚ್ಚಿದರು. ಮುನಿರಾಜ್ ಕುಳಿತಿದ್ದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.

"ಇನ್ನೇನು ಮುಚ್ಚಿಡೋದು... ನೀವೇ ಹೇಳಿ ಡಾಕ್ಟ್ರೇ," ಎಂದ ಅವನು ತಲೆ ತಗ್ಗಿಸಿ.

"ಇವ್ರ ನಾಲಿಗೆ ಪಕ್ಕ ಒಂದು ಹುಣ್ಣು. ಮೂರು ವಾರ ಆದ್ರೂ ಮಾಯ್ದೇ ಇರೋ ಹುಣ್ಣನ್ನ ತೋರಿಸ್ಲೇಬೇಕು. ನೋವಿಲ್ಲ ಅಂತ ಇವ್ರು ಸುಮ್ನಿದ್ರು. ನಿಶ್ಚಿತಾರ್ಥ ಆದ್ಮೇಲೆ ಹಲ್ಲು ನೋವು ಅಂತ ಬಂದಾಗ ನನ್ನ ಕಣ್ಣಿಗೆ ಬಿತ್ತು. ಚೂರು ತೆಗೆದು ಟೆಸ್ಟಿಗೆ ಕಳ್ಸಿದೆ... ಕ್ಯಾನ್ಸರ್. ಆದ್ರೆ ಇನ್ನೂ ಶುರುವಲ್ಲೇ ಇದೆ. ಬೇಗ ಆಪರೇಷನ್ ಆದ್ರೆ ವಾಸಿಯಾಗೋ ಚಾನ್ಸ್ ಚೆನ್ನಾಗಿದೆ."

ನಿಖಿತಾ ಮುನಿರಾಜನತ್ತ ತಿರುಗಿದಳು. "ಮತ್ತೆ... ಆ ವೀಳ್ಯ?"

"ಕಾಲೇಜಿಂದ್ಲೂ ಅಡಿಕೆ ಪುಡಿ ಜಗಿದೂ ಜಗಿದೂ ನನ್ನ ಬಾಯಿ ಅರ್ಧಾನೂ ತೆರೆಯಲ್ಲ. ನೀನು ಕೊಟ್ಟಿದ್ದು ಒಳಗೇ ಹೋಗ್ತಿರ್ಲಿಲ್ಲ."

"ಹೇಳೋಕೇನಾಗಿತ್ತು ರೀ?"

"ಹೇಳಿದ್ರೆ ನೀನು ಅಯ್ಯೋ ಪಾಪ ಅಂತ ಮದ್ವೆ ಆಗ್ತಿದ್ದೆ. ಕೋಪ ಬಂದಾದ್ರೂ ಬಿಟ್ಟೋಗ್ಲಿ ಅಂದ್ಕೊಂಡೆ."

'ಥೂ, ನಾನೂ ನನ್ನ ಅನುಮಾನಾನೂ!' ಅವಳು ಅವನ ಕೈ ಹಿಡಿದುಕೊಂಡಳು.

"ಪಾಪ ಅಂತಲ್ಲ, ಇಷ್ಟ ಅಂತ ಆಗ್ತೀನಿ. ಏನೀಗ?"

"ನಾಲಿಗೆ ಸ್ವಲ್ಪ ತೆಗೀತಾರೆ ನಿಖಿತಾ. ಮಾತು ತೊದಲುತ್ತೆ. ನಿನ್ನ ಹೆಸ್ರೂ ನೆಟ್ಟಗೆ ಬರಲ್ವೇನೋ..."

"ಹೆಂಗ್ ಬರುತ್ತೋ ಹಂಗೆ ಕರೀರಿ. ಓ ಅಂತೀನಿ."

ಆಪರೇಷನ್ ಆಯಿತು. ವಾರ್ಡಿನ ಬೆಂಚಿನ ಮೇಲೆ ಆಂಜನಮ್ಮ ಕೂತಿದ್ದರು, ಅವರ ಎಲೆಯಡಿಕೆ ಚೀಲ ಮನೆಯಲ್ಲೇ ಉಳಿದಿತ್ತು. ಹಲವು ದಿನ ಮುನಿರಾಜ್ ಬರೀ ಕೈಸನ್ನೆ ಮಾಡುತ್ತಿದ್ದ. ಆಮೇಲೊಂದು ಬೆಳಿಗ್ಗೆ ಕಷ್ಟಪಟ್ಟು ತುಟಿ ತೆರೆದ.

"ಇ...ಹಿ...ಹಾ..."

"ಓ!" ಅವಳ ಕೆನ್ನೆ ಒದ್ದೆಯಾಗಿತ್ತು. "ಏನ್ ಬೇಕ್ರೀ?"

ಏನೂ ಬೇಡವೆಂದು ಅವನು ತಲೆಯಾಡಿಸಿದ. "ಹು...ಮ್ಮೆ... ಕಹೆದೆ."

"ಸುಮ್ನೆ ಕರೆದ್ರಾ? ಸರಿ, ದಿನಾ ಸುಮ್ನೆ ಕರೀತಾ ಇರಿ."